ಕುಂಚಿಗೆಯ ಬೆಲೆ

ಉತ್ತರ ಕರ್ನಾಟಕದ ಮನೆಗಳಲ್ಲಿ ಕೂಸು ಹುಟ್ಟಿತೆಂದರೆ ತವರಿನ ಕಡೆಯಿಂದ ಒಂದು ಕುಂಚಿಗೆ ಬರುವುದುಂಟು. ತಲೆಯನ್ನು ಮುಚ್ಚಿ ಬೆನ್ನ ಮೇಲೆ ಇಳಿಬೀಳುವ ಈ ಪುಟ್ಟ ಉಡುಪನ್ನು ಗುಳೇದಗುಡ್ಡದ ಖಣದಲ್ಲಿ ಹೊಲಿಯುತ್ತಾರೆ. ಸಾದಾ ಬಟ್ಟೆಯಾದರೆ, ಕೈಯಲ್ಲಿ ಕುಶಲತೆಯಿದ್ದ ಅಜ್ಜಿಯರು ಅದರ ಮೇಲೆ ಕಸೂತಿಯ ತೇರನ್ನೋ ನವಿಲನ್ನೋ ತೆಗೆಯುತ್ತಿದ್ದರು. ಆ ಕುಂಚಿಗೆಗೆ ಎಷ್ಟು ರೂಪಾಯಿ ಎಂದು ಯಾರೂ ಕೇಳಿದವರಿಲ್ಲ. ಕೇಳಿದ್ದರೆ ಅಜ್ಜಿ ನಕ್ಕು ಸುಮ್ಮನಾಗುತ್ತಿದ್ದಳು. ಹವ್ಯಾಸದ ಹೊಲಿಗೆ ಕಸುಬಾಗುವ ಕಥೆ ಮೊದಲಾಗುವುದೇ ಯಾರೋ ಒಬ್ಬರು ಆ ಪ್ರಶ್ನೆಯನ್ನು ಕೇಳಿದ ದಿನ.

ನನ್ನನ್ನು ಹಾಗೆ ಕೇಳಿದವರು ನೆರೆಮನೆಯಾಕೆ. ಮೊಮ್ಮಗಳಿಗೆಂದು ನಾನು ಹೊಲಿದ ಫ್ರಾಕನ್ನು ಹಿಡಿದು ನೋಡಿ, "ಅಕ್ಕಾರ, ನಮ್ಮ ಕೂಸಿಗೂ ಇಂಥದ್ದೊಂದು ಹೊಲದು ಕೊಡ್ರಿ. ರೊಕ್ಕಾ ಎಷ್ಟಾಗ್ತದ ಹೇಳ್ರಿ" ಎಂದರು. ಸಂಕೋಚದಿಂದ 400 ರೂಪಾಯಿ ಎಂದುಬಿಟ್ಟೆ. ಬಟ್ಟೆ, ಅಸ್ತರು, ದಾರ, ಗುಂಡಿ ಎಲ್ಲ ಸೇರಿ 290 ರೂಪಾಯಿ ಆಗಿತ್ತು. ಕತ್ತರಿಸಿ ಹೊಲಿಯಲು ಮೂರೂವರೆ ಗಂಟೆ, ಎದೆಯ ಮೇಲಿನ ನವಿಲಿಗೆ ಆರು ಗಂಟೆ. ರಾತ್ರಿ ಕುಳಿತು ಲೆಕ್ಕ ಹಾಕಿದಾಗ ಗಂಟೆಗೆ 12 ರೂಪಾಯಿಯೂ ಬಿದ್ದಿರಲಿಲ್ಲ!

ದರ್ಜಿಯ ಅಂಗಡಿಗೆ ಹೋದರೆ ಹೊಲಿಗೆಯ ಕೂಲಿಯನ್ನು ನಾವು ಮರುಮಾತಿಲ್ಲದೆ ಕೊಟ್ಟು ಬರುತ್ತೇವೆ. ಅದೇ ಕೆಲಸವನ್ನು ಗೃಹಿಣಿಯೊಬ್ಬಳು ಮನೆಯಲ್ಲಿ ಮಾಡಿದರೆ, 'ಮಧ್ಯಾಹ್ನ ಹೊತ್ತು ಹೋಗಬೇಕಲ್ಲ' ಎಂಬ ಮಾತು ಬರುತ್ತದೆ. ಅನ್ಯರು ಹೀಗೆಂದರೆ ಸಹಿಸಬಹುದು. ಹೊಲಿಯುವವಳೇ ಹಾಗೆ ತಿಳಿದಿರುತ್ತಾಳಲ್ಲ, ಕಷ್ಟವಿರುವುದು ಅಲ್ಲಿ. ಬಟ್ಟೆಯ ಬೆಲೆ ಕೈಗೆ ಬಂದರೆ ಅದನ್ನೇ ಲಾಭವೆಂದು ಭಾವಿಸುತ್ತಾಳೆ.

ಈ ಸಂದರ್ಭದಲ್ಲಿ ನನಗೆ ಪ್ಯಾರಿಸ್ಸಿನ ಝಾನ್ ಲಾನ್ವ್ಯಾ ಎಂಬಾಕೆಯ ನೆನಪಾಗುತ್ತದೆ. 1867ರಲ್ಲಿ ಹುಟ್ಟಿದ ಈಕೆ ಬಡತನದ ದೊಡ್ಡ ಕುಟುಂಬದ ಹಿರಿಯ ಮಗಳು. ಬಾಲ್ಯದಲ್ಲೇ ದುಡಿಮೆಗೆ ಇಳಿದು, 1889ರಲ್ಲಿ ತನ್ನದೇ ಟೋಪಿಯ ಅಂಗಡಿಯನ್ನು ತೆರೆದಳು. 1897ರಲ್ಲಿ ಮಗಳು ಮಾರ್ಗರಿತ್ ಹುಟ್ಟಿದಳು. ದೊಡ್ಡವರ ಉಡುಪನ್ನೇ ಕಿರಿದು ಮಾಡಿ ಮಕ್ಕಳಿಗೆ ತೊಡಿಸುವ ಪದ್ಧತಿ ಇನ್ನೂ ಉಳಿದಿದ್ದ ಕಾಲ ಅದು. ತಾಯಿ ಮಗಳಿಗಾಗಿ ಹಗುರವಾದ, ಬಣ್ಣದ, ಕುಸುರಿ ಕೆಲಸದ ಅಂಗಿಗಳನ್ನು ಹೊಲಿದಳು. ಟೋಪಿ ಕೊಳ್ಳಲು ಬಂದ ಸಿರಿವಂತ ಗಿರಾಕಿಗಳು ಮಗುವಿನ ಅಂಗಿಯನ್ನು ಕಂಡು, ತಮ್ಮ ಮಕ್ಕಳಿಗೂ ಬೇಕೆಂದರು. 1908ರಲ್ಲಿ ಮಕ್ಕಳ ಉಡುಪಿನ ವಿಭಾಗವೇ ಆರಂಭವಾಯಿತು. ಮರುವರ್ಷ ತರುಣಿಯರಿಗೂ ಹೆಂಗಸರಿಗೂ ವಿಸ್ತರಿಸಿತು. ತಾಯಿ ಮಗಳು ಕೈಹಿಡಿದು ನಿಂತ ಚಿತ್ರವೇ ಮುಂದೆ ಆ ಸಂಸ್ಥೆಯ ಲಾಂಛನವಾಯಿತು. ಇದನ್ನು ತಾಯ್ತನದ ಮಹಿಮೆಯ ಕಥೆಯಾಗಿ ಹೇಳುವವರುಂಟು. ನನಗೆ ಮುಖ್ಯವಾಗಿ ಕಾಣುವುದು ಬೇರೆ: ಮಗಳ ಅಂಗಿಗೆ ಸೂಜಿ ಹಿಡಿಯುವ ಮೊದಲೇ ಆಕೆ ಎಂಟು ವರ್ಷ ಅಂಗಡಿ ನಡೆಸಿದ್ದಳು. ತನ್ನ ಕೈಕೆಲಸಕ್ಕೆ ಬೆಲೆ ಹೇಳಲು ಆಕೆಗೆ ನಾಚಿಕೆಯಿರಲಿಲ್ಲ.

ಬೆಲೆಯ ಮಾತು ಹಾಗಿರಲಿ. ಸ್ವಂತ ಮಗುವಿಗೆ ಹೊಲಿದದ್ದು ಹೆಚ್ಚುಕಡಿಮೆಯಾದರೆ ಬಿಚ್ಚಿ ಸರಿಪಡಿಸಬಹುದು; ಮಾರಿದ ಅಂಗಿ ಹಾಗಲ್ಲ. ಹತ್ತಿಬಟ್ಟೆಯನ್ನು ತೋಯಿಸಿ ಒಣಗಿಸದೆ ಕತ್ತರಿ ಹಾಕಿದರೆ, ಮೊದಲ ಒಗೆತಕ್ಕೇ ಕುಗ್ಗಿ ಮಗುವಿನ ಕಂಕುಳನ್ನು ಹಿಡಿಯುತ್ತದೆ. ಹುಟ್ಟಿದ ಕೂಸಿನ ತಲೆ ಮೈಯುದ್ದದ ಸುಮಾರು ನಾಲ್ಕನೆಯ ಒಂದು ಭಾಗ. ದೊಡ್ಡವರಲ್ಲಿ ಏಳೆಂಟನೆಯ ಒಂದು ಭಾಗ ಮಾತ್ರ. ಆದ್ದರಿಂದ ದೊಡ್ಡವರ ಅಳತೆಯನ್ನು ಬರಿದೆ ಕಿರಿದು ಮಾಡಿದರೆ ಕೊರಳಿನಲ್ಲಿ ತಲೆ ತೂರುವುದಿಲ್ಲ. ಭುಜದ ಮೇಲೋ ಬೆನ್ನಿನಲ್ಲೋ ಸೀಳು ಬಿಟ್ಟು ಗುಂಡಿ ಇಡಬೇಕು. ಆ ಗುಂಡಿಯನ್ನು ಎಳೆದು ನೋಡಬೇಕು, ಏಕೆಂದರೆ ಕಿತ್ತುಬಂದದ್ದು ನೇರವಾಗಿ ಬಾಯಿಗೇ ಹೋಗುತ್ತದೆ. ಕೊರಳಿನ ಸುತ್ತ ಎಳೆದು ಕಟ್ಟುವ ದಾರ ಚಿಕ್ಕ ಮಕ್ಕಳಿಗೆ ಕೂಡದೆಂದು ಯುರೋಪಿನ ನಿಯಮಗಳು ಕಟ್ಟುನಿಟ್ಟಾಗಿ ಹೇಳುತ್ತವೆ. ಎಲ್ಲಿಯಾದರೂ ಸಿಕ್ಕಿಕೊಂಡರೆ ಅದು ಉರುಳಾಗುತ್ತದೆ. ನಮ್ಮ ಕುಂಚಿಗೆಯ ಗದ್ದದ ಕಟ್ಟಿನ ಬಗೆಗೂ ಈ ಎಚ್ಚರ ಬೇಕು: ತಾಯಿಯ ತೊಡೆಯ ಮೇಲಿದ್ದಾಗ ಸರಿ, ತೊಟ್ಟಿಲಲ್ಲಿ ಮಲಗಿಸುವಾಗ ಬಿಚ್ಚಿಡಬೇಕು.

ಕಸೂತಿಯ ವಿಷಯದಲ್ಲಿ ಮಾತ್ರ ನಮ್ಮ ಹಿರಿಯರ ಜಾಣ್ಮೆಗೆ ತಲೆದೂಗಬೇಕು. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ ಗವಂತಿ ಬಟ್ಟೆಯ ಎರಡು ಮಗ್ಗುಲಲ್ಲೂ ಒಂದೇ ತೆರನಾಗಿ ಕಾಣುತ್ತದೆ. ಎಳೆ ಎಣಿಸಿ ಹೋದ ಸೂಜಿ ಅದೇ ದಾರಿಯಲ್ಲಿ ಮರಳಿ ಬಂದು ಬಿಟ್ಟ ಜಾಗವನ್ನು ತುಂಬುತ್ತದೆ. ಗಂಟು ಹಾಕುವ ಹಾಗಿಲ್ಲ. ಅಂದವಲ್ಲದೆ ಅನುಕೂಲವೂ ಅದರಲ್ಲಿದೆ: ಒಳಗೆ ಗಂಟಿಲ್ಲದ್ದರಿಂದ ಎಳೆಯ ಚರ್ಮಕ್ಕೆ ಚುಚ್ಚುವುದಿಲ್ಲ.

ನಡುವೆ ಪೇಟೆಯ ಅಂಗಡಿಯೊಂದಕ್ಕೆ, ಮಾರಿದ ಮೇಲೆ ಹಣ ಎಂಬ ಮಾತಿನ ಮೇಲೆ ಹತ್ತು ಫ್ರಾಕುಗಳನ್ನು ಕೊಟ್ಟೆ. ದೀಪಾವಳಿಗೆ ಮಾರಾಟವಾದವುಗಳ ಹಣ ಯುಗಾದಿಗೆ ಬಂತು, ಅದೂ ಎಂಟರದ್ದು. ಅಂದಿನಿಂದ ಅರ್ಧ ಮುಂಗಡವಿಲ್ಲದೆ ಕತ್ತರಿ ಎತ್ತುವುದಿಲ್ಲ. ಗಂಟೆಗೆ 80 ರೂಪಾಯಿ ಕೂಲಿ ಎಂದು ನನಗೆ ನಾನೇ ಗೊತ್ತುಮಾಡಿಕೊಂಡೆ. ಪುಸ್ತಕದಲ್ಲಿ ಬಟ್ಟೆಯ ಖರ್ಚಿನ ಪಕ್ಕದಲ್ಲಿ ಅದನ್ನೂ ಬರೆಯತೊಡಗಿದೆ.

ಎಲ್ಲಕ್ಕಿಂತ ಕಷ್ಟವಾದದ್ದು ಆ ನೆರೆಮನೆಯಾಕೆಗೆ ಹೊಸ ಬೆಲೆ ಹೇಳುವುದು. ಎರಡನೆಯ ಮೊಮ್ಮಗುವಿಗೂ ಅದೇ ನವಿಲಿನ ಫ್ರಾಕು ಬೇಕೆಂದು ಅವರು ಬಂದರು. 1,050 ಎಂದೆ. ಅವರು ಕೆಲಹೊತ್ತು ಸುಮ್ಮನೆ ಕುಳಿತರು. ನಾನೂ ಎದ್ದು ಹೋಗಿ ಚಹಾ ಮಾಡಲಿಲ್ಲ. ಪುಸ್ತಕವನ್ನು ಮುಂದಿಟ್ಟು ಗಂಟೆಗಳ ಲೆಕ್ಕ ತೋರಿಸಿದೆ. ಅವರು ಬೆರಳಿಟ್ಟು ಓದಿ, "ಈ ನವಿಲಿಗೇ ಆರು ತಾಸು ಹಿಡೀತದೇನ್ರಿ?" ಎಂದರು. ನವಿಲನ್ನು ಬಿಟ್ಟು, ಒಂದೂವರೆ ಗಂಟೆಯಲ್ಲಿ ಮುಗಿಯುವ ಸಣ್ಣ ಗೋಪುರವೊಂದನ್ನು ತೆಗೆಯುವುದೆಂದು ಮಾತಾಯಿತು. 690 ರೂಪಾಯಿ. ಮುಂಗಡ ಎಣಿಸಿಕೊಟ್ಟ ಮೇಲೆ ಇಬ್ಬರಿಗೂ ಚಹಾ ಇಟ್ಟೆ.