ರೋಗದ ಲೆಕ್ಕ ಜನರ ಕೈಗೆ ಬರಲಿ

(ರಾಯಚೂರಿನಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)

ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಅಂಕಿಸಂಖ್ಯೆಯ ವಿಷಯ. ಅದು ಕಚೇರಿಯ ಗುಮಾಸ್ತರ ಕೆಲಸ, ನಮಗೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಆದರೆ ಇಲ್ಲಿ ಕುಳಿತವರೆಲ್ಲ ಲೆಕ್ಕ ಬಲ್ಲವರೇ. ಗಂಜಿನ ಹಮಾಲನಿಗೆ ತಾನು ಹೊತ್ತ ಚೀಲಗಳ ಲೆಕ್ಕ ಗೊತ್ತು; ಅಂಗಡಿಯವನಿಗೆ ಉದ್ರಿಯ ಲೆಕ್ಕ ಗೊತ್ತು. ಜೀವದ ಲೆಕ್ಕವನ್ನು ಮಾತ್ರ ನಾವು ಪರರಿಗೆ ಬಿಟ್ಟುಕೊಟ್ಟಿದ್ದೇವೆ. ಅದನ್ನೂ ನಾವೇ ಕೇಳಿ ಪಡೆಯಬೇಕೆಂಬುದು ನನ್ನ ಮಾತಿನ ಸಾರ.

2022ರ ಮೇ ತಿಂಗಳ ಕೊನೆಗೆ ಈ ಊರಿನಲ್ಲಿ ನಡೆದುದನ್ನು ಯಾರೂ ಮರೆತಿಲ್ಲ. ನಳದ ಕಲುಷಿತ ನೀರು ಕುಡಿದು ವಾಂತಿಭೇದಿಯಾಗಿ ಜನ ದವಾಖಾನೆ ಸೇರಿದರು, ಹಲವರು ಸತ್ತರು. ಸತ್ತವರ ಸಂಖ್ಯೆ ಮಾತ್ರ ದಿನಕ್ಕೊಂದು ಬಗೆಯಾಗಿ ಕೇಳಿಬಂತು. ಮರುವರ್ಷ, 2023ರ ಮೇ ತಿಂಗಳಲ್ಲಿ, ದೇವದುರ್ಗ ತಾಲೂಕಿನ ರೇಕಲಮರಡಿಯಲ್ಲಿಯೂ ಅದೇ ಆಯಿತು. ಒಂದು ಮಗು ತೀರಿಕೊಂಡಿತು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುವ ಜಿಲ್ಲೆಯಲ್ಲಿ ಜನ ನೀರು ಕುಡಿದು ಸಾಯಬೇಕಾಯಿತು.

ಇಂಥ ಸಮಯದಲ್ಲಿ ಒಂದು ವಾದ ಹುಟ್ಟಿಯೇ ಹುಟ್ಟುತ್ತದೆ. ಸತ್ತವನಿಗೆ ಮೊದಲೇ ಬೇರೆ ಕಾಯಿಲೆ ಇದ್ದಿರಬಹುದು, ನೀರೇ ಕಾರಣವೆಂದು ಹೇಗೆ ಹೇಳುತ್ತೀರಿ ಎಂದು ಕೇಳುತ್ತಾರೆ. ಈ ಪ್ರಶ್ನೆಯನ್ನು ನಾವು ಬೈದು ತಳ್ಳಬಾರದು. ಒಬ್ಬನ ಸಾವನ್ನಷ್ಟೇ ನೋಡಿ ಇದಕ್ಕೆ ಉತ್ತರ ಹೇಳುವುದು ಕಷ್ಟ. ಆದರೆ ಬಹು ಜನರ ಲೆಕ್ಕವನ್ನು ಒಟ್ಟಿಗೆ ಇಟ್ಟು ಹೋಲಿಸಿದರೆ ಉತ್ತರ ಸಿಗುತ್ತದೆ.

ಅದನ್ನು ಮಾಡಿ ತೋರಿಸಿದವನು ಲಂಡನ್ನಿನ ವೈದ್ಯ ಜಾನ್ ಸ್ನೋ. 1854ರಲ್ಲಿ ಅಲ್ಲಿ ಕಾಲರಾ ಹಬ್ಬಿತ್ತು. ದಕ್ಷಿಣ ಲಂಡನ್ನಿನ ಅದೇ ಬೀದಿಗಳಲ್ಲಿ ಎರಡು ಖಾಸಗಿ ಕಂಪನಿಗಳು ನೀರು ಮಾರುತ್ತಿದ್ದವು. ಒಂದು ಕಂಪನಿ ಊರಿನ ಹೊಲಸೆಲ್ಲ ಬೀಳುವ ಕಡೆ ಥೇಮ್ಸ್ ನದಿಯಿಂದ ನೀರೆತ್ತುತ್ತಿತ್ತು. ಇನ್ನೊಂದು, ಊರಿಗಿಂತ ಮೇಲಕ್ಕೆ ಹೋಗಿ ನೀರೆತ್ತುತ್ತಿತ್ತು. ಯಾವ ಮನೆಗೆ ಯಾರ ನೀರು ಎಂಬುದನ್ನು ಸ್ನೋ ಬಾಗಿಲು ಬಾಗಿಲಿಗೆ ಹೋಗಿ ವಿಚಾರಿಸಿದನು. ಮೊದಲ ಏಳು ವಾರಗಳ ಲೆಕ್ಕ ಹೀಗಿದೆ: ಹೊಲಸು ನೀರಿನ 40,046 ಮನೆಗಳಲ್ಲಿ ಸತ್ತವರು 1,263, ಮೇಲಿನ ನೀರಿನ 26,107 ಮನೆಗಳಲ್ಲಿ 98, ಲಂಡನ್ನಿನ ಉಳಿದ 2,56,423 ಮನೆಗಳಲ್ಲಿ 1,422.

ಈಗ ಬರೀ ಸತ್ತವರನ್ನು ಎಣಿಸಿದರೆ, ಉಳಿದ ಲಂಡನ್ನಿನಲ್ಲಿಯೇ ಹೆಚ್ಚು ಸಾವು ಎನ್ನಬೇಕಾಗುತ್ತದೆ. ಆದರೆ ಎಷ್ಟು ಮನೆಗೆ ಎಷ್ಟು ಎಂದು ಕೇಳಿ ನೋಡಿ. ಹತ್ತು ಸಾವಿರ ಮನೆಗೆ ಹೊಲಸು ನೀರಿನವರಲ್ಲಿ 315, ಮೇಲಿನ ನೀರಿನವರಲ್ಲಿ 37, ಉಳಿದವರಲ್ಲಿ 55. ಕಾಲರಾದ ಸೂಕ್ಷ್ಮಜೀವಿಯನ್ನು ರಾಬರ್ಟ್ ಕಾಖ್ ಜಗತ್ತಿಗೆ ತೋರಿಸಿಕೊಟ್ಟದ್ದು 1884ರಲ್ಲಿ. ಅದಕ್ಕೆ ಮೂವತ್ತು ವರ್ಷ ಮೊದಲೇ ಈ ಲೆಕ್ಕ ಅಪರಾಧಿಯನ್ನು ಹಿಡಿದಿತ್ತು. ಎಷ್ಟು ಜನ ಸತ್ತರು ಎಂದು ಕೇಳಿದರೆ ಸಾಲದು, ಎಷ್ಟು ಜನರಲ್ಲಿ ಎಷ್ಟು ಎಂದು ಕೇಳಬೇಕು. ಆ ನೀರು ಕುಡಿಯದವರಲ್ಲಿ ಎಷ್ಟು ಎಂದೂ ಕೇಳಬೇಕು.

ಔಷಧದ ವಿಷಯದಲ್ಲಿಯೂ ಇದೇ ಮಾತು. ಒಂದು ಶೀಸೆ ಟಾನಿಕ್ ಕುಡಿದು ಹತ್ತು ಜನ ಗುಣವಾದರೆಂದು ಜಾಹೀರಾತು ಹೇಳುತ್ತದೆ. ಕುಡಿದವರು ಒಟ್ಟು ಎಷ್ಟು, ಕುಡಿಯದೆಯೂ ಗುಣವಾದವರು ಎಷ್ಟು ಎಂಬುದನ್ನು ಅದು ಹೇಳುವುದಿಲ್ಲ. ನೆಗಡಿ ತಾನಾಗಿಯೇ ಹೋಗುವ ರೋಗ; ಹೆಸರು ಮಾತ್ರ ಶೀಸೆಗೆ ಬರುತ್ತದೆ.

ಸರಿಯಾದ ಪರೀಕ್ಷೆ ಹೇಗಿರುತ್ತದೆಂಬುದಕ್ಕೆ ಮದರಾಸಿನ ಉದಾಹರಣೆ ಇದೆ. ಕ್ಷಯರೋಗಿಯನ್ನು ಒಳ್ಳೆಯ ಊಟ, ಹಾಸಿಗೆ, ವಿಶ್ರಾಂತಿ ಇರುವ ಆರೋಗ್ಯಧಾಮದಲ್ಲಿಯೇ ಇಡಬೇಕು ಎಂಬ ನಂಬಿಕೆ ಆಗ ಬಲವಾಗಿತ್ತು. ಬಡವನಿಗೆ ಅದು ಎಲ್ಲಿಂದ ಬರಬೇಕು? 1956ರಲ್ಲಿ ಅಲ್ಲಿ ಆರಂಭವಾದ ಸಂಶೋಧನಾ ಕೇಂದ್ರವು ನಗರದ ಬಡ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿತು. ಎರಡೂ ಗುಂಪಿಗೆ ಒಂದೇ ಔಷಧ. ಒಂದು ಗುಂಪು ಆರೋಗ್ಯಧಾಮದಲ್ಲಿ, ಇನ್ನೊಂದು ತಮ್ಮ ಇಕ್ಕಟ್ಟಿನ ಮನೆಗಳಲ್ಲಿ. ವೈದ್ಯರು ತಮಗೆ ಬೇಕಾದವರನ್ನು ಬೇಕಾದ ಗುಂಪಿಗೆ ಹಾಕಿದ್ದರೆ ಲೆಕ್ಕ ಕೆಡುತ್ತಿತ್ತು, ಚೀಟಿಗೆ ಪಕ್ಷಪಾತವಿಲ್ಲ. 1959ರಲ್ಲಿ ಫಲಿತಾಂಶ ಪ್ರಕಟವಾಯಿತು. ಮನೆಯಲ್ಲಿ ಔಷಧ ತೆಗೆದುಕೊಂಡವರೂ ಹೆಚ್ಚುಕಡಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಮನೆಮಂದಿಗೆ ಅದರಿಂದ ಹೆಚ್ಚಿನ ಅಪಾಯವೂ ಆಗಲಿಲ್ಲ. ಬಡವನ ಮನೆಯಲ್ಲಿಯೇ ಕ್ಷಯಕ್ಕೆ ಚಿಕಿತ್ಸೆ ಮಾಡಬಹುದೆಂದು ಜಗತ್ತು ಒಪ್ಪಿದ್ದು ಇಂಥ ಲೆಕ್ಕದಿಂದ.

ನಮ್ಮ ರಾಜ್ಯದ್ದೇ ಇನ್ನೊಂದು ಸಂಗತಿ. ಹಳ್ಳಿಗರು ಅಜ್ಞಾನಿಗಳು, ರೋಗ ಬಂದರೂ ದವಾಖಾನೆಗೆ ಬರುವುದಿಲ್ಲ ಎಂದು ದೊಡ್ಡವರು ಹೇಳುತ್ತಿದ್ದರು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ 1963ರಲ್ಲಿ ವರದಿ ಪ್ರಕಟಿಸಿದರು. ಕ್ಷಯವಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಸರಕಾರಿ ದವಾಖಾನೆಗೆ ಹೋಗಿ ಬಂದಿದ್ದರು. ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಶೀಸೆ. ಕೊರತೆ ಯಾರಲ್ಲಿತ್ತೆಂಬುದನ್ನು ತಾವೇ ತೀರ್ಮಾನಿಸಬಹುದು.

ಹೀಗೆಂದು ಅಂಕಿಗಳೆಲ್ಲ ಸತ್ಯವೆಂದು ಭಾವಿಸಬೇಡಿ. ಗಂಜಿನಲ್ಲಿ ಚೀಲಕ್ಕೆ ಚುಚ್ಚಿ ಹಿಡಿ ಕಾಳು ತೆಗೆದು ರಾಶಿಯ ಗುಣ ನೋಡುತ್ತಾರೆ. ಮೇಲಿನ ಚೀಲದಿಂದಲೇ ತೆಗೆದರೆ ಮೋಸವಾಗುತ್ತದೆ. ಆರೋಗ್ಯ ಸಮೀಕ್ಷೆಯೂ ಹಾಗೆಯೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಒಂದು ಜಿಲ್ಲೆಯಲ್ಲಿ ಕೆಲವು ನೂರು ಮನೆಗಳನ್ನು ನೋಡಿ ಜಿಲ್ಲೆಗೆ ಒಂದು ಅಂಕಿ ಕೊಟ್ಟಿತು. ಜಿಲ್ಲೆಯ ಮಟ್ಟಿಗೆ ಅದು ಉಪಯುಕ್ತವೇ. ಆದರೆ ದೇವದುರ್ಗದ ತಾಂಡಾದಲ್ಲಿ ಬಾಣಂತಿಯ ಗತಿ ಏನು, ಮಾನ್ವಿಯ ಹಳ್ಳಿಯ ಕೂಸಿನ ತೂಕ ಎಷ್ಟು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ರಾಯಚೂರು ಪೇಟೆಯ ಸ್ಥಿತಿವಂತರನ್ನೂ ಅವರನ್ನೂ ಕೂಡಿಸಿ ಭಾಗಿಸಿದಾಗ ಬಡವನ ಕಷ್ಟ ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ.

ಇನ್ನು ಗುಳೆ ಹೋದವರ ಮಾತು. ಕಾನೂನಿನಂತೆ ಸಾವು ಎಲ್ಲಿ ಸಂಭವಿಸಿತೋ ಅಲ್ಲಿಯೇ ಅದರ ನೋಂದಣಿ. ಬೆಂಗಳೂರಿನ ಕಟ್ಟಡದ ಕೆಲಸದಲ್ಲಿ ಸತ್ತ ದೇವದುರ್ಗದ ಕೂಲಿಕಾರ ಬೆಂಗಳೂರಿನ ಲೆಕ್ಕಕ್ಕೆ ಸೇರುತ್ತಾನೆ. ಅವನ ಹೆಂಡಿರು ಮಕ್ಕಳು ಮಾತ್ರ ನಮ್ಮ ತಾಲೂಕಿನಲ್ಲಿ ಉಳಿಯುತ್ತಾರೆ.

ಆದುದರಿಂದ ನಾವು ಮಾಡಬೇಕಾದುದು ಇಷ್ಟು. ಮೊದಲನೆಯದು ನಮ್ಮ ಕೈಯಲ್ಲೇ ಇದೆ. ಮನೆಯಲ್ಲಿ ಜನನವಾಗಲಿ ಮರಣವಾಗಲಿ, 1969ರ ಕಾಯಿದೆಯಂತೆ 21 ದಿನಗಳೊಳಗೆ ನೋಂದಾಯಿಸಬೇಕು. ವೈದ್ಯರು ನೋಡಿದ್ದರೆ ಸಾವಿನ ಕಾರಣವನ್ನು ಅವರಿಂದ ಬರೆಸಬೇಕು. ಬರೆಯದ ಸಾವಿಗೆ ಸರಕಾರದಲ್ಲಿ ಜವಾಬು ಕೇಳುವವರಿರುವುದಿಲ್ಲ.

ಎರಡನೆಯದು, ವಾಂತಿಭೇದಿಯ ರೋಗಿಗಳ ಸಂಖ್ಯೆಯನ್ನು ನಗರದಲ್ಲಿ ವಾರ್ಡುವಾರು, ನೀರಿನ ಟ್ಯಾಂಕುವಾರು, ಹಳ್ಳಿಗಳಲ್ಲಿ ಪಂಚಾಯಿತಿವಾರು ಪ್ರತಿ ವಾರ ಫಲಕದಲ್ಲಿ ಬರೆದು ಹಾಕಬೇಕು. ಪಕ್ಕದಲ್ಲಿ ಆ ನೀರು ಕುಡಿಯುವ ಮನೆಗಳೆಷ್ಟು ಎಂಬುದೂ ಇರಬೇಕು. ಯಾರ ಹೆಸರೂ ಬೇಡ, ಸಂಖ್ಯೆ ಸಾಕು. ಮೊದಲ ವಾರದಲ್ಲೇ ಒಂದು ಟ್ಯಾಂಕಿನ ಕೆಳಗೆ ಅಂಕಿ ಏರಿದ್ದು ಕಂಡರೆ ನಳ ನಿಲ್ಲಿಸಬಹುದು. ಹೆಣ ಬಿದ್ದ ಮೇಲೆ ವಿಚಾರಣೆಯ ಹಾದಿ ಕಾಯಬೇಕಾಗಿಲ್ಲ.

ಮೂರನೆಯದು, ತಾಯಂದಿರ, ಶಿಶುಗಳ ಮರಣದ ಲೆಕ್ಕ ತಾಲೂಕುವಾರು ಪ್ರಕಟವಾಗಬೇಕು. ಹಳ್ಳಿಯಲ್ಲಿ ಮನೆ ಮನೆ ಸುತ್ತಿ ಈ ಲೆಕ್ಕ ಬರೆಯುವವರು ಆಶಾ ಮತ್ತು ಅಂಗನವಾಡಿಯ ಅಕ್ಕಂದಿರು. ಸಾವು ಬರೆದುದಕ್ಕಾಗಿ ಅವರನ್ನು ಗದರಿಸುವಂತಿರಬಾರದು. ಗದರಿಸಿದಲ್ಲಿ ಸಾವು ಕಡಮೆಯಾಗುವುದಿಲ್ಲ, ಬರವಣಿಗೆ ಮಾತ್ರ ಕಡಮೆಯಾಗುತ್ತದೆ.

ಸಂಗಾತಿಗಳೇ, ಕೂಲಿಯ ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪಿದರೆ ನಾವು ಮಾಲಿಕನ ಗದ್ದಿಗೆಯ ಮುಂದೆ ಹೋಗಿ ನಿಲ್ಲುತ್ತೇವೆ. ಬರುವ ಮಳೆಗಾಲಕ್ಕೆ ಮುಂಚೆ ಪ್ರತಿ ವಾರ್ಡಿನಿಂದ ಇಬ್ಬರು ನಗರಾಡಳಿತದ ಕಚೇರಿಗೆ ಹೋಗಿ ಈ ಫಲಕವನ್ನು ಕೇಳಬೇಕು. ದೇವದುರ್ಗ, ಮಾನ್ವಿಗಳಲ್ಲಿ ಸಂಗಾತಿಗಳು ತಾಲೂಕು ಪಂಚಾಯಿತಿಯಲ್ಲಿ ಕೇಳಬೇಕು. ಬರುವವರು ಈ ಸಭೆ ಮುಗಿದೊಡನೆ ಹೆಸರು ಬರೆಸಿರಿ.