ಹೆಸರಿಲ್ಲದ ಗೋರಿಗಳಿಗೂ ಹೆಸರುಂಟು

(ಶತಮಾನೋತ್ಸವದ ಅಂಗವಾಗಿ, ಮೃತವಿಶ್ವಾಸಿಗಳ ಸ್ಮರಣೆಯ ನವೆಂಬರ್ ಮಾಸದಲ್ಲಿ ಉಗರಗೋಳದಲ್ಲಿ ಸೇರಿದ್ದ ಕುಟುಂಬಗಳ ಮುಂದೆ ಮಾಡಿದ ಭಾಷಣ)



ಶತಮಾನೋತ್ಸವವೆಂದರೆ ಹರ್ಷದ ಸಂದರ್ಭ. ದೇವಾಲಯಕ್ಕೆ ಹೊಸ ಬಣ್ಣ ಬಂದಿದೆ. ಗಾಯಕರು ಹೊಸ ಗೀತೆಗಳನ್ನು ಕಲಿಯುತ್ತಿದ್ದಾರೆ. ದೂರದ ಊರುಗಳಿಗೆ ದುಡಿಯಲು ಹೋದ ಮಕ್ಕಳು ರಜೆ ಕೇಳಿಕೊಂಡು ಬರುತ್ತಿದ್ದಾರೆ. ಇಂಥ ವೇಳೆಯಲ್ಲಿ ಸಮಾಧಿಭೂಮಿಯ ಮಾತನ್ನೆತ್ತುವುದು ಕೆಲವರಿಗೆ ಸರಿಕಾಣಲಿಕ್ಕಿಲ್ಲ. ಆದರೆ ಈ ನೂರು ವರ್ಷಗಳನ್ನು ವಿಶ್ವಾಸದಿಂದ ಬಾಳಿ ನಮ್ಮ ಕೈಗೆ ಒಪ್ಪಿಸಿದವರಲ್ಲಿ ಹೆಚ್ಚಿನವರು ಇಂದು ಎರೆಮಣ್ಣಿನಲ್ಲಿ ಮಲಗಿದ್ದಾರೆ. ಅವರನ್ನು ಬಿಟ್ಟು ನಾವು ನೂರನ್ನು ಹೇಗೆ ಎಣಿಸೋಣ?

ಉತ್ಸವದ ಹಿರಿಯರು ಸಮಾಧಿಭೂಮಿಯ ಗೋಡೆಯನ್ನು ಎತ್ತರಿಸಿ, ಜಾಲಿಗಿಡಗಳನ್ನು ಕಡಿಸಿ, ವಾಲಿದ ಶಿಲುಬೆಗಳನ್ನು ನೆಟ್ಟಗೆ ಮಾಡಿಸಬೇಕೆಂದು ಯೋಚಿಸಿದ್ದಾರೆ. ಯೋಚನೆ ಒಳ್ಳೆಯದೇ. ಆದರೆ ಮೊದಲ ಗುದ್ದಲಿ ನೆಲಕ್ಕೆ ತಾಗುವ ಮುನ್ನ ಒಂದು ಕೆಲಸ ಆಗಲೇಬೇಕೆಂಬುದು ನಮ್ಮ ವಿನಂತಿ. ಪ್ರತಿಯೊಂದು ಗೋರಿಯ ಮೇಲಿನ ಬರಹವನ್ನೂ, ಅದು ಇರುವ ಸ್ಥಳವನ್ನೂ ನಾವು ಬರೆದಿಡಬೇಕು. ಏಕೆ, ಹೇಗೆ ಎಂಬುದನ್ನು ಈ ಸಂಜೆ ನಿಮ್ಮ ಮುಂದಿಡುತ್ತೇವೆ.

ಪವಿತ್ರಗ್ರಂಥವನ್ನು ತೆರೆದು ನೋಡಿ. ಪಿತಾಮಹನಾದ ಅಬ್ರಹಾಮನು ವಾಗ್ದತ್ತ ನಾಡಿನಲ್ಲಿ ಬೆಲೆಕೊಟ್ಟು ಕೊಂಡ ಮೊದಲ ನೆಲವೆಂದರೆ ಸಾರಳನ್ನು ಸಮಾಧಿಮಾಡಲು ಬೇಕಾದ ಹೊಲ ಮತ್ತು ಗವಿ. ಅದಕ್ಕಾಗಿ ಆತನು ನಾನೂರು ಬೆಳ್ಳಿನಾಣ್ಯಗಳನ್ನು ಊರವರ ಎದುರಿನಲ್ಲೇ ತೂಗಿಕೊಟ್ಟನು. ಯಕೋಬನು ದಾರಿಯಲ್ಲಿ ತೀರಿಕೊಂಡ ರಾಖೇಲಳ ಸಮಾಧಿಯ ಮೇಲೆ ಒಂದು ಸ್ತಂಭವನ್ನು ನಿಲ್ಲಿಸಿದನು. ಜೋರ್ಡನ್ ನದಿಯನ್ನು ದಾಟಿದ ಮೇಲೆ ಯೆಹೋಶುವನು ಹನ್ನೆರಡು ಕಲ್ಲುಗಳನ್ನು ನೆಡಿಸಿದ್ದು, ಮುಂದೆ ಮಕ್ಕಳು ಈ ಕಲ್ಲುಗಳೇನೆಂದು ಕೇಳಿದಾಗ ಹಿರಿಯರು ಉತ್ತರ ಹೇಳಲೆಂದು. ಕಲ್ಲು ನೆಟ್ಟರೆ ಸಾಲದು, ಅದರ ಅರ್ಥವನ್ನು ಹೇಳುವವರೂ ಇರಬೇಕು ಎಂಬುದು ಆ ಪ್ರಸಂಗದ ಪಾಠ.

ನಮ್ಮ ನಾಡಿಗೂ ಇದು ಹೊಸದಲ್ಲ. ಕಾದಾಡಿ ಮಡಿದವನಿಗೆ ವೀರಗಲ್ಲು ನಿಲ್ಲಿಸಿದ ಜನ ನಾವು. ಇಲ್ಲೇ ಪಕ್ಕದ ಸವದತ್ತಿ, ಹಿಂದಿನ ಸುಗಂಧವರ್ತಿ, ರಟ್ಟ ಅರಸರ ರಾಜಧಾನಿಯಾಗಿತ್ತು. ಅವರ ಶಿಲಾಶಾಸನಗಳನ್ನು ಫ್ಲೀಟ್ ಎಂಬ ಆಂಗ್ಲ ಅಧಿಕಾರಿಯು ಹತ್ತೊಂಬತ್ತನೆಯ ಶತಮಾನದಲ್ಲಿ ಓದಿ ಅಚ್ಚುಮಾಡಿಸಿದುದರಿಂದಲೇ ಇಂದು ಶಾಲೆಯ ಮಕ್ಕಳಿಗೂ ಆ ಮನೆತನದ ಹೆಸರು ತಿಳಿದಿದೆ. ಬೈಲಹೊಂಗಲದಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮನ ಸಮಾಧಿಯಿದೆ. 1831ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಸಮಾಧಿಗೆ ನಂದಗಡದಲ್ಲಿ ಜನರು ಇಂದಿಗೂ ಕೈಮುಗಿಯುತ್ತಾರೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಸತ್ತ ಕಲೆಕ್ಟರ್ ಥ್ಯಾಕರೆಯ ಗೋರಿ ಧಾರವಾಡದಲ್ಲಿದೆ. ಈ ದೇಶದಲ್ಲಿ ಮಣ್ಣಾದ ಯುರೋಪಿಯನ್ನರ ಸಮಾಧಿಗಳ ಬರಹಗಳನ್ನು ಸಂಗ್ರಹಿಸಲು 1976ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಸಂಘವೇ ಹುಟ್ಟಿತು. ಅದು ಒಟ್ಟುಮಾಡಿದ ಕಾಗದಪತ್ರಗಳು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿವೆ.

ರಾಣಿಯ ಗೋರಿಯನ್ನು ನಾಡು ಕಾಯುತ್ತದೆ. ಕಲೆಕ್ಟರನ ಗೋರಿಯ ಬರಹವನ್ನು ಅವನ ನಾಡಿನವರು ಬರೆದಿಟ್ಟುಕೊಂಡರು. ನಮ್ಮ ಧರ್ಮಕೇಂದ್ರದ ಉಪದೇಶಿಯ ಗೋರಿಯನ್ನು, ರಾತ್ರಿಯೆಲ್ಲ ಕುಳಿತು ಹೆರಿಗೆ ಮಾಡಿಸಿದ ಸೂಲಗಿತ್ತಿಯ ಗೋರಿಯನ್ನು, ಮೊದಲ ದೇವಾಲಯಕ್ಕೆ ಕಲ್ಲು ಹೊತ್ತವನ ಗೋರಿಯನ್ನು ಬರೆದಿಡುವವರು ಯಾರು? ನಾವಲ್ಲದೆ ಬೇರೆ ಯಾರೂ ಬರುವುದಿಲ್ಲ.

ಈ ಮಾತನ್ನು ಹೇಳುವ ಹಕ್ಕು ನಮಗೆ ಸುಲಭವಾಗಿ ಬಂದದ್ದಲ್ಲ. ಒಂದು ತಪ್ಪೊಪ್ಪಿಗೆಯನ್ನು ನಿಮ್ಮ ಮುಂದೆ ಮಾಡಬೇಕಾಗಿದೆ. ಗುರುಪಟ್ಟವಾದ ಹೊಸದರಲ್ಲಿ ನಾವು ಬೇರೊಂದು ಊರಿನಲ್ಲಿ ಸೇವೆಯಲ್ಲಿದ್ದೆವು. ಧರ್ಮಾಧ್ಯಕ್ಷರ ಭೇಟಿ ಹತ್ತಿರ ಬಂದಿತ್ತು. ಸಮಾಧಿಭೂಮಿ ಪಾಳುಬಿದ್ದು ಕಾಣುತ್ತಿತ್ತು. ಯೌವನದ ಉತ್ಸಾಹದಿಂದ ಆಳುಗಳನ್ನು ಹಚ್ಚಿ ಎರಡೇ ದಿನಗಳಲ್ಲಿ ಅದನ್ನು ಹಸನುಮಾಡಿಸಿದೆವು. ಮುರಿದ ಕಲ್ಲುಗಳನ್ನು ಗೋಡೆಗೆ ಒರಗಿಸಿದೆವು. ಕೆಲವು ಚಪ್ಪಡಿಗಳು ಬಾಗಿಲ ಬಳಿಯ ಮೆಟ್ಟಿಲುಗಳಾದವು. ಎಲ್ಲರೂ ಹೊಗಳಿದರು. ಮರುವರ್ಷ ಮುಂಬಯಿಯಿಂದ ವಯಸ್ಸಾದ ಒಬ್ಬ ಮಗ ತನ್ನ ತಾಯಿಯ ಗೋರಿಯನ್ನು ಹುಡುಕಿಕೊಂಡು ಬಂದ. ಆತ ಹೇಳಿದ ಗುರುತಿನ ಕಲ್ಲು ಗೋಡೆಗೆ ಒರಗಿಸಿದವುಗಳಲ್ಲಿ ಸಿಕ್ಕಿತು. ಆದರೆ ಅದು ಮೊದಲು ಎಲ್ಲಿತ್ತೆಂಬುದನ್ನು ಹೇಳಲು ನಮ್ಮಿಂದಾಗಲಿಲ್ಲ. ಆತ ಸಿಟ್ಟಾಗಲಿಲ್ಲ. ತಂದಿದ್ದ ಮೇಣದಬತ್ತಿಯನ್ನು ಎಲ್ಲಿ ಹಚ್ಚಲಿ ಎಂದು ಕೇಳಿದ. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಕೊನೆಗೆ ನಡುವಿನ ದೊಡ್ಡ ಶಿಲುಬೆಯ ಬುಡದಲ್ಲಿ ಹಚ್ಚಿ, ಜಪಮಾಲೆ ಹೇಳಿ ಹೊರಟುಹೋದ. ಅಂಥ ತಪ್ಪು ಇಲ್ಲಿ ಆಗದಿರಲಿ ಎಂಬುದಕ್ಕಾಗಿಯೇ ಈ ಭಾಷಣ.

ಧರ್ಮಕೇಂದ್ರದಲ್ಲಿ ಮರಣದ ದಾಖಲೆ ಪುಸ್ತಕವಿರುವಾಗ ಕಲ್ಲನ್ನೇಕೆ ಬರೆದುಕೊಳ್ಳಬೇಕೆಂದು ನೀವು ಕೇಳಬಹುದು. ಇಂಥ ಪುಸ್ತಕ ಇಡಬೇಕೆಂಬ ವಿಧಿ 1614ರ ರೋಮನ್ ಸಂಸ್ಕಾರ ಗ್ರಂಥದಲ್ಲೇ ಇದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 535ನೆಯ ವಿಧಿಯೂ ಜ್ಞಾನಸ್ನಾನ, ವಿವಾಹ, ಮರಣಗಳ ಪುಸ್ತಕಗಳನ್ನು ಬರೆದು, ಹಳೆಯವನ್ನು ಜೋಪಾನಮಾಡಬೇಕೆಂದು ಹೇಳುತ್ತದೆ. ಸಮಾಧಿಯಾದ ಮೇಲೆ ದಾಖಲೆ ಮಾಡಬೇಕೆಂಬುದು 1182ನೆಯ ವಿಧಿ. ಆದರೆ ಪುಸ್ತಕಕ್ಕೆ ಗೆದ್ದಲು ಹತ್ತುತ್ತದೆ, ಮಳೆನೀರು ತಾಗುತ್ತದೆ, ಬರೆಯುವವರ ಕೈಯೂ ಒಮ್ಮೊಮ್ಮೆ ತಪ್ಪುತ್ತದೆ. ಕಲ್ಲಿನಲ್ಲಿಯೂ ತಪ್ಪುಂಟು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ನಿಜ ಹೊರಬರುತ್ತದೆ.

ಹೆಸರಿನ ಮಾತನ್ನೇ ತೆಗೆದುಕೊಳ್ಳಿ. ಗುರುಗಳು ಪುಸ್ತಕದಲ್ಲಿ ಜ್ಞಾನಸ್ನಾನದ ಹೆಸರನ್ನು ಲತೀನಿನ ರೂಪದಲ್ಲಿ ಬರೆದಿರುತ್ತಾರೆ. ಮನೆಯವರು ಕಲ್ಲಿನ ಮೇಲೆ ಮನೆಯಲ್ಲಿ ಕರೆಯುತ್ತಿದ್ದ ಹೆಸರನ್ನೂ ಅಡ್ಡಹೆಸರನ್ನೂ ಕೆತ್ತಿಸಿರುತ್ತಾರೆ. ಒಂದರಲ್ಲಿ ಯೊಸೇಫುಸ್, ಇನ್ನೊಂದರಲ್ಲಿ ಯಲ್ಲಪ್ಪ. ಇಬ್ಬರೂ ಒಬ್ಬನೇ ಎಂಬುದು ಮೊಮ್ಮಗನಿಗೆ ಹೇಗೆ ತಿಳಿಯಬೇಕು? ಮರಣದ ದಿನ ಎರಡರಲ್ಲೂ ಒಂದೇ ಆಗಿದ್ದರೆ, ಹೆಂಡತಿಯ ಹೆಸರು ಕೂಡಿಬಂದರೆ ತಿಳಿಯುತ್ತದೆ. ಗೋವೆಯ ಕಡೆಯಿಂದ ಬಂದ ಮನೆತನದವರ ಗೋರಿಗಳ ಮೇಲೆ ಪೋರ್ಚುಗೀಸ್ ಬರಹವಿರಬಹುದು. ಇಂಥವನ ಮತ್ತು ಇವನ ವಾರಸುದಾರರ ಸಮಾಧಿ ಎಂಬರ್ಥದ ಸಾಲು ಗೋವೆಯ ದೇವಾಲಯಗಳ ನೆಲಗಲ್ಲುಗಳಲ್ಲಿ ಸಾಮಾನ್ಯ. ವಂಶವೃಕ್ಷ ಬರೆಯುವವನಿಗೆ ಅಂಥ ಒಂದು ಸಾಲು ಎಷ್ಟು ದೊಡ್ಡ ಸಹಾಯ! ಒಂದೇ ಸಾಲಿನಲ್ಲಿ ಪಕ್ಕಪಕ್ಕದಲ್ಲಿರುವ ಗೋರಿಗಳು ಕೂಡ, ಬರಹವೇನೂ ಇಲ್ಲದಿದ್ದರೂ, ಯಾರು ಯಾರಿಗೆ ಬೇಕಾದವರಾಗಿದ್ದರೆಂದು ಸೂಚಿಸುತ್ತವೆ. ಆದುದರಿಂದ ಸ್ಥಳದ ಗುರುತಿಗೂ ಬರಹದಷ್ಟೇ ಬೆಲೆ.

ಇನ್ನು ಕೆಲಸದ ರೀತಿ. ನಡುವಿನ ದೊಡ್ಡ ಶಿಲುಬೆಯನ್ನು ಆಧಾರವಾಗಿಟ್ಟುಕೊಂಡು ಸಮಾಧಿಭೂಮಿಯ ಒಂದು ನಕ್ಷೆ ಬರೆಯೋಣ. ಸಾಲುಗಳಿಗೆ ಅಕ್ಷರ, ಗೋರಿಗಳಿಗೆ ಸಂಖ್ಯೆ. ಇಬ್ಬಿಬ್ಬರ ಜೋಡಿ ಇರಲಿ. ಒಬ್ಬರು ಓದಲಿ, ಇನ್ನೊಬ್ಬರು ಬರೆಯಲಿ, ಆಮೇಲೆ ಬದಲಾಯಿಸಿಕೊಂಡು ತಾಳೆ ನೋಡಲಿ. ಕಲ್ಲಿನಲ್ಲಿ ಹೇಗಿದೆಯೋ ಹಾಗೆಯೇ, ತಪ್ಪಿದ್ದರೆ ತಪ್ಪಿನೊಂದಿಗೇ, ಸಾಲಿಗೆ ಸಾಲು ಬರೆಯಬೇಕು. ಅಳಿಸಿದ ಅಕ್ಷರವನ್ನು ಊಹಿಸಿ ತುಂಬಬಾರದು. ಜಾಗ ಬಿಟ್ಟು, ಊಹೆಯನ್ನು ಅಂಚಿನಲ್ಲಿ ಬೇರೆಯಾಗಿ ಬರೆಯಬೇಕು. ಹಳೆಯ ಕಲ್ಲುಗಳಲ್ಲಿ ಕನ್ನಡ ಅಂಕಿಗಳಿರುತ್ತವೆ. ಸವೆದ ೧ ಎಂಬುದು ೦ಯಂತೆ ಕಾಣುತ್ತದೆ. ೬ ಮತ್ತು ೯ ಒಂದನ್ನೊಂದು ಹೋಲುತ್ತವೆ. ಒಂದು ಅಂಕಿ ತಪ್ಪಿದರೆ ತಂದೆಗಿಂತ ಮಗ ಮೊದಲು ಹುಟ್ಟಿದಂತಾದೀತು!

ಕಲ್ಲಿಗೆ ನೋವಾಗದಂತೆ ನಡೆದುಕೊಳ್ಳಬೇಕು. ತಂತಿಯ ಬ್ರಷ್ಷು, ಆ್ಯಸಿಡ್ಡು, ಸೋಪಿನ ಪುಡಿ ಬೇಡವೇ ಬೇಡ. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ತಿಕ್ಕುವುದೂ, ಹಿಟ್ಟು ಸವರುವುದೂ ತಪ್ಪು. ಬರಿಯ ನೀರು, ಮೆತ್ತನೆಯ ಕುಂಚ ಸಾಕು. ಪದರು ಬಿಡುತ್ತಿರುವ ಶಹಾಬಾದಿ ಕಲ್ಲಾದರೆ ಅದನ್ನೂ ಮುಟ್ಟಬಾರದು. ಮುಂಜಾನೆಯ ಓರೆಬಿಸಿಲಿನಲ್ಲಿ ಸವೆದ ಅಕ್ಷರವೂ ನೆರಳು ಕೊಟ್ಟು ಏಳುತ್ತದೆ. ಬಿಸಿಲು ಬೀಳದ ಮಗ್ಗುಲಿಗೆ ಮನೆಯ ಕನ್ನಡಿಯಿಂದ ಬೆಳಕನ್ನು ಓರೆಯಾಗಿ ಹಾಯಿಸಬಹುದು. ಇಂದು ಪ್ರತಿ ಯುವಕನ ಕಿಸೆಯಲ್ಲಿ ಚಿತ್ರ ತೆಗೆಯುವ ಫೋನಿದೆ. ಅದು ಈ ಪುಣ್ಯಕಾರ್ಯಕ್ಕೂ ಬಳಕೆಯಾಗಲಿ. ಆದರೆ ಚಿತ್ರವಿದೆಯೆಂದು ಬರೆಯುವುದನ್ನು ಬಿಡಬಾರದು. ಫೋನು ಕೆಡುತ್ತದೆ, ಕಳೆದುಹೋಗುತ್ತದೆ. ಕೊನೆಗೆ ಒಳ್ಳೆಯ ಕಾಗದದಲ್ಲಿ ಮೂರು ಪ್ರತಿಗಳಾಗಲಿ: ಒಂದು ಧರ್ಮಕೇಂದ್ರಕ್ಕೆ, ಒಂದು ಬೆಳಗಾವಿಯ ಧರ್ಮಾಧ್ಯಕ್ಷರ ಕಾರ್ಯಾಲಯಕ್ಕೆ, ಇನ್ನೊಂದು ನಿಮ್ಮೆಲ್ಲರ ಕೈಗೆ ಸಿಗುವಂತೆ ಸಭಾಭವನಕ್ಕೆ. ದೇವಾಲಯದ ದಾಖಲೆ ಪುಸ್ತಕಗಳನ್ನು ಮಾತ್ರ ಗುರುಗಳ ಸಮ್ಮುಖದಲ್ಲೇ ನೋಡಬೇಕು. ಬದುಕಿರುವವರ ಗುಟ್ಟಿನ ಸಂಗತಿಗಳು ಅವುಗಳಲ್ಲಿರುತ್ತವೆ.

ಇಷ್ಟೆಲ್ಲ ಹೇಳಿದ ಮೇಲೂ ಮುಖ್ಯವಾದ ಮಾತು ಉಳಿದಿದೆ. ಮೊನ್ನೆ ಈ ಕೆಲಸದ ವಿಚಾರವಾಗಿ ಕೆಲವು ಯುವಕರೊಡನೆ ಸಮಾಧಿಭೂಮಿಯಲ್ಲಿ ನಿಂತಿದ್ದೆವು. ಬರಹವಿರುವ ಕಲ್ಲುಗಳನ್ನು ಅವರು ಎಣಿಸುತ್ತಿದ್ದರು. ಅಲ್ಲಿಗೆ ಬಂದಿದ್ದ ಒಬ್ಬ ಅಜ್ಜಿ ಬಹಳ ಹೊತ್ತು ನೋಡಿ, "ಫಾದರ್, ಕಲ್ಲ ಇಲ್ಲಂತ ನಮ್ಮವ್ವನೂ ಇಲ್ಲಂದ್ರ ಹ್ಯಾಂಗ್ರೀ?" ಎಂದರು. ಆಮೇಲೆ ಬೇವಿನ ಮರದಿಂದ ಹೆಜ್ಜೆ ಎಣಿಸುತ್ತ ಹೋಗಿ, ಹುಲ್ಲು ಬೆಳೆದ ಬರಿನೆಲದ ಮುಂದೆ ನಿಂತು ಸೆರಗು ತಲೆಗೆಳೆದುಕೊಂಡು ಶಿಲುಬೆಯ ಗುರುತು ಹಾಕಿಕೊಂಡರು.

ಸೆಮಿನರಿಯಲ್ಲಿ ಎಷ್ಟೋ ಗ್ರಂಥಗಳನ್ನು ಓದಿದ ನಮಗೆ ಆ ಅಜ್ಜಿ ಅಂದು ಪಾಠ ಹೇಳಿದರು. ಕಲ್ಲು ಹಾಕಿಸಲು ಹಣ ಬೇಕು. ನಮ್ಮ ಹಿರಿಯರಲ್ಲಿ ಅನೇಕರು ಕೂಲಿಯವರು, ಜೀತದವರು. ಅವರ ಗೋರಿಯ ಮೇಲೆ ಎರಡು ಕಟ್ಟಿಗೆ ಕಟ್ಟಿದ ಶಿಲುಬೆ ನಿಂತಿತು. ಒಂದೆರಡು ಮಳೆಗಾಲಗಳಲ್ಲಿ ಅದು ಮಣ್ಣಾಯಿತು. ಎರೆಭೂಮಿ ಬೇಸಿಗೆಯಲ್ಲಿ ಬಿರಿದು ಮಳೆಯಲ್ಲಿ ಕೂಡಿಕೊಂಡು ದಿಬ್ಬವೂ ಕುಸಿಯಿತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಮುಂದೆ ಬೆಳಗಾವಿ, ಧಾರವಾಡ ಸೀಮೆಗೂ ಬಂತು. 1918ರಲ್ಲಿ ಇನ್‌ಫ್ಲುಯೆಂಜಾ ಜ್ವರ ಬಂತು. ಹೂಳುವವರೇ ಸಿಗದ ಆ ದಿನಗಳಲ್ಲಿ ಕಲ್ಲು ಕೆತ್ತಿಸುವವರೆಲ್ಲಿ? ಅಷ್ಟು ಹಿಂದೆ ಹೋಗಬೇಕಾಗಿಲ್ಲ. 2020 ಮತ್ತು 2021ರಲ್ಲಿ ಕೊರೋನಾ ಬಂದಾಗ ತಂದೆಯ ಮುಖವನ್ನೂ ನೋಡಲಾಗದೆ ದೂರ ನಿಂತ ಮಕ್ಕಳನ್ನು ನಾವೆಲ್ಲ ಕಂಡಿದ್ದೇವೆ. ಇನ್ನು ಹುಟ್ಟುತ್ತಲೇ ತೀರಿಕೊಂಡ ಹಸುಗೂಸುಗಳು ಗೋಡೆಯ ಅಂಚಿನಲ್ಲಿ ಮಲಗಿವೆ. ಅವು ಎಲ್ಲಿವೆಯೆಂದು ಬಲ್ಲವರು ಅವುಗಳ ತಾಯಂದಿರು ಮಾತ್ರ.

ನಾವು ಕಲ್ಲುಗಳನ್ನಷ್ಟೇ ಬರೆದುಕೊಂಡರೆ, ನಮ್ಮ ಧರ್ಮಕೇಂದ್ರದ ಚರಿತ್ರೆ ಕಲ್ಲು ಹಾಕಿಸಲು ಶಕ್ತರಾಗಿದ್ದವರ ಚರಿತ್ರೆಯಾಗುತ್ತದೆ. ಅದು ಅನ್ಯಾಯ. ಆದುದರಿಂದ ಕೆಲಸವನ್ನು ಕಲ್ಲಿಲ್ಲದ ಗೋರಿಗಳಿಂದ ಪ್ರಾರಂಭಿಸೋಣ. ಕಲ್ಲುಗಳು ಇನ್ನೂ ಹತ್ತು ವರ್ಷ ಕಾಯುತ್ತವೆ. ಅಜ್ಜ ಅಜ್ಜಿಯರು ಕಾಯಲಾರರು. ಬರುವ ಭಾನುವಾರಗಳಲ್ಲಿ ಬಲಿಪೂಜೆಯಾದ ಮೇಲೆ ಪ್ರತಿ ಮನೆಯವರೂ ತಮ್ಮ ಹಿರಿಯರನ್ನು ಕೈಹಿಡಿದು ಸಮಾಧಿಭೂಮಿಗೆ ಕರೆತರಲಿ. ಅವರು ತೋರಿಸಿದ ಸ್ಥಳಕ್ಕೆ ಸಂಖ್ಯೆ ಕೊಟ್ಟು, ಹೆಸರನ್ನೂ, ಹೇಳಿದವರು ಯಾರೆಂಬುದನ್ನೂ, ಹೇಳಿದ ದಿನವನ್ನೂ ಬರೆಯೋಣ. ಕಲ್ಲಿನ ಸಾಕ್ಷಿ ಒಂದು ಬಗೆಯದು, ಬಾಯಿಯ ಸಾಕ್ಷಿ ಇನ್ನೊಂದು ಬಗೆಯದು. ಯಾವುದು ಯಾವುದೆಂದು ಸ್ಪಷ್ಟವಾಗಿ ನಮೂದಿಸಿದರೆ ಎರಡಕ್ಕೂ ಗೌರವ ಸಲ್ಲುತ್ತದೆ.

ಒಂದು ಎಚ್ಚರಿಕೆ. ಈ ಪಟ್ಟಿ ಕುಲದ ಹೆಮ್ಮೆಗಾಗಿ ಅಲ್ಲ, ಜಾಗದ ಜಗಳಕ್ಕಾಗಿಯೂ ಅಲ್ಲ. ಯಾರ ಮನೆತನ ಹಳೆಯದು, ಯಾರ ಮುತ್ತಜ್ಜ ಯಾವ ಕೇರಿಯಿಂದ ಬಂದನೆಂದು ಅಳೆಯಲು ಇದನ್ನು ಯಾರೂ ಕೈಗೆತ್ತಿಕೊಳ್ಳದಿರಲಿ. ಜ್ಞಾನಸ್ನಾನದ ನೀರು ಒಂದೇ, ಸಮಾಧಿಯ ಮಣ್ಣೂ ಒಂದೇ. ಯೂದ ಮಕ್ಕಾಬಿಯನು ಸತ್ತ ಸೈನಿಕರಿಗಾಗಿ ಕಾಣಿಕೆ ಎತ್ತಿ ಜೆರುಸಲೇಮಿಗೆ ಕಳುಹಿಸಿದ್ದು ಪುನರುತ್ಥಾನದ ನಂಬಿಕೆಯಿಂದ. ನಮ್ಮ ಪಟ್ಟಿಯೂ ಮೊದಲು ಪ್ರಾರ್ಥನೆಗಾಗಿ. ಪ್ರತಿವರ್ಷ ನವೆಂಬರ್ 2ರಂದು ನಾವು ಮೃತರೆಲ್ಲರಿಗಾಗಿ ಪ್ರಾರ್ಥಿಸುತ್ತೇವೆ; ಇನ್ನು ಮುಂದೆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಒಬ್ಬೊಬ್ಬರನ್ನೇ ಹೆಸರಿಟ್ಟು ಕರೆಯಬಹುದು. ಹೊತ್ತು ಹಿಡಿಯಬಹುದು. ಹಿಡಿಯಲಿ.

ಹೆಸರು ತಿಳಿಯದೆ ಹೋದವರೂ ಕೆಲವರು ಉಳಿದೇ ಉಳಿಯುತ್ತಾರೆ. ಅವರ ಸ್ಥಳಕ್ಕೂ ಒಂದು ಸಂಖ್ಯೆಯನ್ನು ಕೊಟ್ಟು, ಹೆಸರಿನ ಜಾಗವನ್ನು ಖಾಲಿ ಬಿಡೋಣ. ಆ ಹೆಸರನ್ನು ಬಲ್ಲ ದೇವರು ಕೊನೆಯ ದಿನದಲ್ಲಿ ಅವರನ್ನು ಕರೆಯುತ್ತಾನೆ.

ಬರುವ ಭಾನುವಾರ, ಮೊದಲ ಪೂಜೆಯ ಬಳಿಕ ನಾವು ನೋಟುಬುಕ್ಕು ಹಿಡಿದು ಬೇವಿನ ಮರದ ಕೆಳಗೆ ಕುಳಿತಿರುತ್ತೇವೆ. ಆ ಅಜ್ಜಿಯ ತಾಯಿಯ ಹೆಸರೇ ಮೊದಲ ಪುಟದ ಮೊದಲ ಹೆಸರಾಗಲಿದೆ. ಎರಡನೆಯ ಹೆಸರನ್ನು ನಿಮ್ಮಲ್ಲಿ ಯಾರು ತರುತ್ತೀರಿ?

ನಿತ್ಯ ವಿಶ್ರಾಂತಿಯನ್ನು ಮೃತರಿಗೂ, ಸದ್ಬುದ್ಧಿಯನ್ನು ಬದುಕಿರುವ ನಮಗೂ ಪ್ರಭು ದಯಪಾಲಿಸಲಿ. ಆಮೆನ್.