ಕೂಲಿಯೂ ಬಾಳೂ

ಒಂದು ದೇಶದ ಕೂಲಿಕಾರನು ಇನ್ನೊಂದು ದೇಶದ ಕೂಲಿಕಾರನಿಗಿಂತ ಸುಖಿಯೋ ಅಲ್ಲವೋ ಎಂಬ ಪ್ರಶ್ನೆಯು, ಊಟ ಮುಗಿಸಿ ಎಲೆಯಡಕೆಯ ತಟ್ಟೆಯ ಮುಂದೆ ಕುಳಿತವರಿಗೆ ಬಹು ಸುಲಭವಾಗಿ ಕಾಣುತ್ತದೆ. ಅಲ್ಲಿ ದಿನಕ್ಕೆ ಇಷ್ಟು ಡಾಲರು. ಇಲ್ಲಿ ದಿನಕ್ಕೆ ಇಷ್ಟು ರೂಪಾಯಿ. ಡಾಲರಿನ ದರ ಇಷ್ಟು. ಗುಣಿಸಿದರೆ ಲೆಕ್ಕ ಮುಗಿಯಿತು. ಆದರೆ ಅಮೆರಿಕದ ಕೂಲಿಕಾರನು ತನ್ನ ಡಾಲರನ್ನು ನಿಪ್ಪಾಣಿಯ ಸಂತೆಯಲ್ಲಿ ವೆಚ್ಚಮಾಡುವುದಿಲ್ಲ. ನಿಪ್ಪಾಣಿಯ ಹೆಂಗಸು ತನ್ನ ರೂಪಾಯಿಯಿಂದ ಷಿಕಾಗೋ ನಗರದಲ್ಲಿ ಮನೆಯ ಬಾಡಿಗೆ ತೆರುವುದೂ ಇಲ್ಲ. ಆದಕಾರಣ ಈ ಹೋಲಿಕೆಗೆ ಬೇರೆ ಅಳತೆಗೋಲನ್ನೇ ಹುಡುಕಬೇಕಾಗುತ್ತದೆ.

ಅಂಥ ಕೋಲುಗಳಲ್ಲಿ ಹಳೆಯದೊಂದು ಇಂದಿಗೂ ಸವೆದಿಲ್ಲ. 1857ರಲ್ಲಿ ಜರ್ಮನಿಯ ಸಾಕ್ಸನಿ ಸೀಮೆಯ ಅರ್ನ್ಸ್ಟ್ ಎಂಗೆಲ್ ಎಂಬ ಸಂಖ್ಯಾಶಾಸ್ತ್ರಜ್ಞನು (ಮಾರ್ಕ್ಸನ ಮಿತ್ರನಾದ ಎಂಗೆಲ್ಸನು ಬೇರೆ, ಈತನು ಬೇರೆ) ಬೆಲ್ಜಿಯಂ ದೇಶದ ಕೂಲಿ ಕುಟುಂಬಗಳ ಖರ್ಚಿನ ಪಟ್ಟಿಗಳನ್ನು ಹರಡಿಕೊಂಡು ಕುಳಿತು ಒಂದು ಸಂಗತಿಯನ್ನು ಕಂಡನು. ಸಂಸಾರವು ಎಷ್ಟು ಬಡವಾಗಿದ್ದರೆ, ಅದರ ಆದಾಯದಲ್ಲಿ ಹೊಟ್ಟೆಯ ಪಾಲು ಅಷ್ಟು ದೊಡ್ಡದು. ಯಾವ ದೇಶದ ನಾಣ್ಯವಾದರೂ ಆಗಲಿ, ಕೂಲಿಯ ಹತ್ತು ಪಾಲಿನಲ್ಲಿ ಏಳು ಪಾಲು ಜೋಳಕ್ಕೂ ಬೇಳೆಗೂ ಎಣ್ಣೆಗೂ ಹೋದರೆ, ಉಳಿದ ಮೂರರಲ್ಲಿ ಬಟ್ಟೆ, ಬಾಡಿಗೆ, ಔಷಧಿ, ಮಗುವಿನ ಪುಸ್ತಕ, ತಂಗಿಯ ಮದುವೆಯ ಸಾಲದ ಬಡ್ಡಿ, ಎಲ್ಲವೂ ಆಗಬೇಕಷ್ಟೆ. ಈ ಕೋಲನ್ನು ಕೈಯಲ್ಲಿ ಹಿಡಿದು ನಾವು ಕನ್ನಡನಾಡಿನ ವಾಯವ್ಯದ ಒಂದು ಮೂಲೆಗೆ ಹೋಗೋಣ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಇವು ಬೆಳಗಾವಿ ಜಿಲ್ಲೆಯ ಬಡಗಣ ತಾಲೂಕುಗಳು. ಇವುಗಳಲ್ಲಿ ರಾಯಬಾಗವು ಹಿಂದೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಕೃಷ್ಣೆಯೂ ದೂಧಗಂಗೆಯೂ ವೇದಗಂಗೆಯೂ ಹರಿಯುವ ಈ ಸೀಮೆಯಲ್ಲಿ ಒಂದೇ ಅಂಗಳದಲ್ಲಿ ಕನ್ನಡವನ್ನೂ ಮರಾಠಿಯನ್ನೂ ಕೇಳಬಹುದು. ನೆಲವು ಬಡವಲ್ಲ, ತಂಬಾಕು ಉಂಟು, ಕಬ್ಬು ಉಂಟು, ಚರ್ಮದ ಕೈಕಸಬು ಉಂಟು. ಈ ಮೂರು ವಸ್ತುಗಳಿಗೂ ಹೊರಲೋಕದಲ್ಲಿ ಜೊತೆಗಾರರಿರುವುದರಿಂದ ನಮ್ಮ ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಸ್ಥಳ ಸಿಕ್ಕುವುದು ಕಷ್ಟ.

ಮೊದಲು ತಂಬಾಕು. ನಮ್ಮ ಮೈಸೂರು ಕಡೆಯವರು ಹೊಗೆಸೊಪ್ಪು ಎನ್ನುವುದನ್ನೇ ಅಲ್ಲಿಯವರು ತಂಬಾಕು ಎನ್ನುತ್ತಾರೆ. ಅದನ್ನು ತುಂಬಿಡುವ, ಹದಮಾಡುವ ಕಟ್ಟಡಕ್ಕೆ ವಖಾರಿ ಎನ್ನುತ್ತಾರೆ. ನಿಪ್ಪಾಣಿಯ ತಂಬಾಕು ದೂರ ದೂರದ ಬೀಡಿ ಕಾರ್ಖಾನೆಗಳಿಗೆ ಹೋಗುವ ಸರಕು. ಒಣಗಿದ ಎಲೆಯನ್ನು ಕುಟ್ಟಿ, ಜರಡಿ ಹಿಡಿದು, ಕಡ್ಡಿ ಬೇರೆ ಪುಡಿ ಬೇರೆ ಮಾಡುವುದು ಬಹುಮಟ್ಟಿಗೆ ಹೆಂಗಸರ ಕೆಲಸ. ಸೆರಗನ್ನು ಮೂಗಿಗೆ ಬಿಗಿದುಕೊಂಡರೂ ಆ ಧೂಳು ಬಿಡುವುದಿಲ್ಲ. ಕಣ್ಣುರಿ, ಕೆಮ್ಮು, ತಲೆಸುತ್ತು, ಇವು ಕೂಲಿಯ ಸಂಗಡ ಮನೆಗೆ ಬರುವ ಸರಕುಗಳು. 1981ರಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಬೇಕೆಂದು ರೈತರು ಶರದ್ ಜೋಶಿಯವರ ಮುಂದಾಳುತನದಲ್ಲಿ ಪುಣೆ ಬೆಂಗಳೂರು ಹೆದ್ದಾರಿಯ ಮೇಲೆ ಕುಳಿತದ್ದನ್ನೂ, ಏಪ್ರಿಲಿನಲ್ಲಿ ಗೋಲಿಬಾರಾಗಿ ಹಲವರು ಪ್ರಾಣ ತೆತ್ತದ್ದನ್ನೂ ಬಲ್ಲವರು ಬಹಳ ಜನ. ಅದೇ ಕಾಲದಲ್ಲಿ ವಖಾರಿಗಳ ಒಳಗಿನ ಹೆಂಗಸರು ಸಂಘ ಕಟ್ಟಿ ಕೂಲಿಗಾಗಿಯೂ ಮರ್ಯಾದೆಗಾಗಿಯೂ ನಿಂತದ್ದನ್ನು ಬಲ್ಲವರು ಕಡಮೆ. 1982ರಲ್ಲಿ ಯುಗಾಂತರ್ ಎಂಬ ಚಿತ್ರತಂಡವು ಆ ಹೆಂಗಸರನ್ನೇ ಮುಂದಿಟ್ಟುಕೊಂಡು ಮರಾಠಿಯಲ್ಲಿ ಒಂದು ಕಿರುಚಿತ್ರವನ್ನು ತೆಗೆಯಿತು. ಇಲ್ಲವಾದರೆ ಅವರ ಮಾತು ಆ ಗೋಡೆಗಳ ಆಚೆಗೆ ಬರುತ್ತಿತ್ತೋ ಇಲ್ಲವೋ.

ಈಗ ಇದೇ ಎಲೆಯನ್ನು ಹಿಡಿದು ಕ್ಯೂಬಾ ದ್ವೀಪಕ್ಕೆ ಹೋಗೋಣ. ಹವಾನಾ ನಗರದ ಚುಟ್ಟಾ ಕಾರ್ಖಾನೆಗಳಲ್ಲಿ 1865ರಿಂದ ಒಂದು ವಿಚಿತ್ರವಾದ ಪದ್ಧತಿ ನಡೆದು ಬಂದಿದೆ. ಸಾಲು ಮೇಜುಗಳ ಮುಂದೆ ಕುಳಿತು ಕೆಲಸಗಾರರು ಚುಟ್ಟಾ ಸುತ್ತುತ್ತಿರುವಾಗ ಎತ್ತರದ ಪೀಠದಲ್ಲಿ ಒಬ್ಬನು ಕುಳಿತು ವೃತ್ತಪತ್ರಿಕೆಯನ್ನೂ ಕಾದಂಬರಿಯನ್ನೂ ಗಟ್ಟಿಯಾಗಿ ಓದುತ್ತಾನೆ. ಮೊದಲಲ್ಲಿ ಅವನ ಸಂಬಳವನ್ನು ಕೊಡುತ್ತಿದ್ದವನು ಧಣಿಯಲ್ಲ. ಕೆಲಸಗಾರರೇ ತಮ್ಮ ಕೂಲಿಯಿಂದ ವಂತಿಗೆ ಎತ್ತಿ ಕೊಡುತ್ತಿದ್ದರು. ಅವರು ಸಿರಿವಂತರಾಗಿದ್ದರೆಂದಲ್ಲ. ಹೊಟ್ಟೆಯ ಪಾಲು ಕಳೆದು ಉಳಿದ ಚೂರಿನಲ್ಲಿ ಅವರು ಕಿವಿಗೆ ಒಂದು ಪಾಲನ್ನು ಇಟ್ಟುಕೊಂಡಿದ್ದರು. ಅಲ್ಲಿಂದ ವಲಸೆ ಹೋದವರು ಅಮೆರಿಕದ ಟ್ಯಾಂಪಾ ನಗರಕ್ಕೂ ಈ ಪದ್ಧತಿಯನ್ನು ಕೊಂಡೊಯ್ದರು. 1931ರಲ್ಲಿ ಅಲ್ಲಿಯ ಧಣಿಗಳು, ಓದುಗರು ಕೆಲಸಗಾರರ ತಲೆ ಕೆಡಿಸುತ್ತಾರೆಂದು ಅವರನ್ನು ಹೊರಗೆ ಹಾಕಿ, ಅವರ ಬದಲು ರೇಡಿಯೋ ಇರಿಸಿದರು. ರೇಡಿಯೋದ ಮುಂದೆ ಕುಳಿತು ಈ ಮಾತನ್ನು ಹೇಳುವುದಕ್ಕೆ ನಮಗೆ ತುಸು ಸಂಕೋಚವೇ ಆಗುತ್ತದೆ.

ಹವಾನಾದ ಆ ಓದಿಗೆ ಆಧಾರವೇನು? ನೂರಾರು ಜನ ಒಂದೇ ಚಾವಣಿಯ ಕೆಳಗೆ ಕುಳಿತದ್ದು. ಬೀಡಿ ಕಟ್ಟುವವಳಿಗೆ ಆ ಚಾವಣಿಯೇ ಇಲ್ಲ. ಅವಳು ತನ್ನ ಮನೆಯ ಹೊಸ್ತಿಲ ಬಳಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಎಲೆ ಕತ್ತರಿಸಿ, ತಂಬಾಕು ತುಂಬಿ, ಸುತ್ತಿ, ದಾರ ಕಟ್ಟುತ್ತಾಳೆ. ಲೆಕ್ಕ ಸಾವಿರಕ್ಕೆ. ದಿನಕ್ಕೆ ಸಾವಿರ ಕಟ್ಟುವುದು ನುರಿತ ಕೈಗೂ ಇಡೀ ದಿನದ ದುಡಿಮೆ. ನಡುವೆ ಒಲೆ, ನೀರು, ಮಗು. ಎಷ್ಟು ತಾಸು ಎಂದು ಅವಳನ್ನು ಯಾರೂ ಕೇಳುವುದಿಲ್ಲ.

ತಾಸಿನ ಮಾತು ಬಂದದ್ದರಿಂದ ಒಂದು ಹಳೆಯ ಕಾಗದವನ್ನು ಇಲ್ಲಿ ಬಿಚ್ಚಬೇಕು. 1919ರಲ್ಲಿ ವಾಷಿಂಗ್ಟನ್ ನಗರದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊದಲ ಸಮ್ಮೇಳನ ಸೇರಿ, ಕೈಗಾರಿಕೆಯಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಲೋಕಕ್ಕೆಲ್ಲ ಒಂದು ಒಡಂಬಡಿಕೆಯನ್ನು ಬರೆಯಿತು. ಅದೇ ಒಡಂಬಡಿಕೆಯ ಹತ್ತನೆಯ ಕಲಮಿನಲ್ಲಿ ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ ವಾರಕ್ಕೆ 60 ಗಂಟೆ ಎಂದಿತ್ತು. ಬಿಸಿಲಿನ ದೇಶ, ನಿಧಾನದ ಜನ ಎಂಬ ವಾದಗಳು ಆಗ ಬೇಕಾದಷ್ಟಿದ್ದುವು. ಆ 60 ಗಂಟೆಯು 1934ರ ಕಾನೂನಿನಲ್ಲಿ ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ 54 ಆಯಿತು; 1946ರಲ್ಲಿ 48 ಆಯಿತು. ಆಗ ವೈಸರಾಯರ ಕಾರ್ಯಕಾರಿ ಮಂಡಲದಲ್ಲಿ ಕಾರ್ಮಿಕ ಇಲಾಖೆಯನ್ನು ವಹಿಸಿಕೊಂಡಿದ್ದವರು ಡಾ. ಅಂಬೇಡ್ಕರರು. ಇದಕ್ಕೆ 21 ವರ್ಷ ಮೊದಲು, 1925ರಲ್ಲಿ, ಬಹಿಷ್ಕೃತರ ಪರಿಷತ್ತಿಗಾಗಿ ಅವರು ಇದೇ ನಿಪ್ಪಾಣಿಗೆ ಬಂದಿದ್ದರೆಂಬುದನ್ನು ಶ್ರೋತೃಗಳಲ್ಲಿ ಕೆಲವರಾದರೂ ಬಲ್ಲಿರಿ.

ಆದರೆ ಕಾರ್ಖಾನೆಯ ಕಾನೂನು ಕಾರ್ಖಾನೆಯ ಬಾಗಿಲಿನಲ್ಲಿಯೇ ನಿಂತಿತು. 1948ರ ಕನಿಷ್ಠ ಕೂಲಿ ಕಾನೂನಿನ ಮೊದಲ ಪಟ್ಟಿಯಲ್ಲಿಯೇ ತಂಬಾಕು ಮತ್ತು ಬೀಡಿಯ ಕೆಲಸ ಸೇರಿತ್ತು, ನಿಜ. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವಳೂ ಕೆಲಸಗಾರಳೇ ಎಂದು ಸ್ಪಷ್ಟವಾಗಿ ಒಪ್ಪಲು 1966ರ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾನೂನು ಬರಬೇಕಾಯಿತು. ಬೀಡಿಗಳನ್ನು ಕೆಟ್ಟವೆಂದು ತಳ್ಳಿಹಾಕುವ ತಕರಾರಿಗೂ ಅದರಲ್ಲಿ ತೀರ್ಮಾನದ ದಾರಿಯಿತ್ತು. ಮಾಲೀಕರು ಅದನ್ನು ನ್ಯಾಯಾಲಯಕ್ಕೆ ಎಳೆದರು; 1974ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾನೂನನ್ನು ಎತ್ತಿಹಿಡಿಯಿತು. 1976ರಲ್ಲಿ ಬೀಡಿಯ ಮೇಲೆ ಒಂದು ಸಣ್ಣ ಕರ ಹಾಕಿ, ಅದರಿಂದ ದವಾಖಾನೆ, ಮನೆ, ಮಕ್ಕಳ ವಿದ್ಯಾರ್ಥಿವೇತನಗಳಿಗೆ ಕಲ್ಯಾಣನಿಧಿಯನ್ನು ಏರ್ಪಡಿಸಿದರು. ಸರಕು ಸೇವಾ ತೆರಿಗೆ ಬಂದ 2017ರಲ್ಲಿ ಆ ಕರವು ರದ್ದಾಯಿತು. ಈ ಕಾನೂನುಗಳನ್ನೆಲ್ಲ ಬಳಸಿ ಸಾಗಲು ಬೀಡಿ ವ್ಯಾಪಾರದಲ್ಲಿ ಒಂದು ಜಾಣ ದಾರಿ ಹಬ್ಬಿತು. ಎಲೆಯನ್ನೂ ತಂಬಾಕನ್ನೂ ನಿನಗೆ ಮಾರಿದ್ದೇವೆ, ನೀನು ಕಟ್ಟಿದ ಬೀಡಿಯನ್ನು ಕೊಂಡಿದ್ದೇವೆ. ಹೀಗೆಂದು ಬರೆದುಬಿಟ್ಟರೆ ಅವಳು ಕೂಲಿಯವಳಲ್ಲ, ವ್ಯಾಪಾರಿ!

ಅಥಣಿಗೆ ಬರೋಣ. ಲೋಕವು ಕೊಲ್ಲಾಪುರಿ ಎಂದು ಕರೆಯುವ ಚಪ್ಪಲಿಗಳಲ್ಲಿ ಬಹಳಷ್ಟು ಅಥಣಿ, ಮದಭಾವಿ, ನಿಪ್ಪಾಣಿಗಳ ಮನೆಗಳಲ್ಲಿ ಹುಟ್ಟುತ್ತವೆ. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ ತೊಗಲು. ಗಂಡಸರು ಅಟ್ಟೆ ಕತ್ತರಿಸಿ ಬಡಿದರೆ, ಹೆಂಗಸರು ಮೇಲಿನ ಪಟ್ಟಿಯನ್ನು ಹೆಣೆಯುತ್ತಾರೆ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಿದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಸಂಗಡ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದುವು. 2025ರ ಜೂನ್ ತಿಂಗಳಿನಲ್ಲಿ ಇಟಲಿಯ ಪ್ರಾಡಾ ಕಂಪನಿಯು ಮಿಲಾನ್ ನಗರದ ಪ್ರದರ್ಶನದಲ್ಲಿ ಇದೇ ಮಾಟದ ಚಪ್ಪಲಿಗಳನ್ನು ಊರಿನ ಹೆಸರೆತ್ತದೆ ತೋರಿಸಿತು, ಇಲ್ಲಿ ಗದ್ದಲವೆದ್ದಿತು, ಕಂಪನಿಯು ಮೂಲವನ್ನು ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಎರಡು ರಾಜ್ಯಗಳ ಚರ್ಮ ಕೈಗಾರಿಕಾ ನಿಗಮಗಳೊಂದಿಗೆ ಕರಾರು ಮಾಡಿಕೊಂಡು, ಸುಮಾರು 2000 ಜೊತೆಗಳನ್ನು ಇಲ್ಲಿಯೇ ಮಾಡಿಸಿ ಜೊತೆಗೆ ಸುಮಾರು 800 ಯೂರೋ ಬೆಲೆಗೆ ಮಾರುವುದಾಗಿ ಪ್ರಕಟಿಸಿತು. ನಮ್ಮ ಪತ್ರಿಕೆಗಳು ಬೆಲೆಯನ್ನು ಕಂಡು ಬೆರಗಾದುವು. ನಮಗೆ ಬೆರಗಿಗಿಂತ ಕುತೂಹಲ ಹೆಚ್ಚು. ಇಟಲಿಯಲ್ಲಿ ಸಂಘದ ಕರಾರಿಗೆ ಒಳಪಟ್ಟ ಚರ್ಮದ ಕೆಲಸಗಾರನಿಗೆ ವರ್ಷಕ್ಕೆ ನಾಲ್ಕು ವಾರಗಳಿಗೆ ಕಡಮೆಯಿಲ್ಲದ ಸಂಬಳದ ರಜವುಂಟು. ಡಿಸೆಂಬರಿನಲ್ಲಿ ಹದಿಮೂರನೆಯ ತಿಂಗಳ ಸಂಬಳವುಂಟು. ಪಟ್ಟಿ ಹೆಣೆಯುವ ಅಥಣಿಯ ಹೆಂಗಸಿನ ಹೆಸರಿಗೆ ಹಿಂದೆಲ್ಲ ಕೂಲಿಯೂ ಇರಲಿಲ್ಲ. ಜೊತೆಯ ಬೆಲೆ ಗಂಡನ ಕೈಗೆ ಹೋಗುತ್ತಿತ್ತು. ಹೆಂಗಸರು ಸ್ವಸಹಾಯ ಸಂಘಗಳನ್ನು ಕಟ್ಟಿ ತಮ್ಮ ಹೆಸರಿನಲ್ಲಿ ಖಾತೆ ತೆರೆದುದು ಈಚಿನ ಎರಡು ಮೂರು ದಶಕಗಳ ಮಾತು.

ಹಾಗೆಂದು ಇಟಲಿ ಸ್ವರ್ಗವೆಂದೂ ಅಥಣಿ ನರಕವೆಂದೂ ತಿಳಿಯಬಾರದು. ಅದೇ ಇಟಲಿಯ ಪ್ರಾತೊ ಊರಿನಲ್ಲಿ 2013ರ ಡಿಸೆಂಬರ್ 1ರಂದು ಒಂದು ಬಟ್ಟೆಯ ಕಾರ್ಖಾನೆಗೆ ಬೆಂಕಿ ಬಿದ್ದು, ಅಲ್ಲಿಯೇ ದುಡಿದು ಅಲ್ಲಿಯೇ ಮಲಗುತ್ತಿದ್ದ ಏಳು ಮಂದಿ ಚೀನೀ ಕೂಲಿಕಾರರು ಸತ್ತರು. ದೇಶದೇಶಗಳ ಸರಾಸರಿಯನ್ನು ಹೋಲಿಸುವವರ ಕಣ್ಣಿಗೆ ಈ ಏಳು ಮಂದಿ ಬೀಳುವುದಿಲ್ಲ.

ಇನ್ನು ಕಬ್ಬು. ಕಾಗವಾಡ ತಾಲೂಕಿನ ಉಗಾರದಲ್ಲಿ 1939ರಲ್ಲಿ ಸ್ಥಾಪಿತವಾದ ಸಕ್ಕರೆ ಕಂಪನಿಯಿಂದ ಮೊದಲ್ಗೊಂಡು, ಚಿಕ್ಕೋಡಿ, ರಾಯಬಾಗ, ನಿಪ್ಪಾಣಿಗಳ ಸಹಕಾರಿ ಕಾರ್ಖಾನೆಗಳವರೆಗೆ ಈ ಸೀಮೆಯೇ ಸಕ್ಕರೆಯ ಸೀಮೆ. ಕಬ್ಬಿನ ಕೂಲಿಯ ಕತೆಯನ್ನು ಹೋಲಿಸಲು ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿಗಿಂತ ತಕ್ಕ ಸ್ಥಳವಿಲ್ಲ. 1863ರಿಂದ 1904ರವರೆಗೆ ಪೆಸಿಫಿಕ್ ದ್ವೀಪಗಳಿಂದ ಸುಮಾರು 62,000 ಜನರನ್ನು, ಕೆಲವರನ್ನು ಪುಸಲಾಯಿಸಿ ಕೆಲವರನ್ನು ಎಳೆದು, ಅಲ್ಲಿಯ ಕಬ್ಬಿನ ತೋಟಗಳಿಗೆ ತಂದರು; ಆಮೇಲೆ ಬಿಳಿಯರ ದೇಶವಾಗಬೇಕೆಂದು 1906ರಿಂದ ಬಹುಪಾಲು ಜನರನ್ನು ಹಡಗು ಹತ್ತಿಸಿದರು. ಅವರ ಸ್ಥಳಕ್ಕೆ ಬಂದವರಲ್ಲಿ ಇಟಲಿಯ ಬಡ ರೈತರು ಅನೇಕರು. 1934 ಮತ್ತು 1935ರಲ್ಲಿ ಕಬ್ಬಿನ ಹೊಲದ ಇಲಿಗಳಿಂದ ಹರಡುವ ಜ್ವರಕ್ಕೆ ಕಡಿಯುವವರು ಬಲಿಯಾದಾಗ, ಕಡಿಯುವ ಮೊದಲು ಹೊಲವನ್ನು ಸುಡಬೇಕೆಂದು ಅವರು ಕತ್ತಿ ಕೆಳಗಿಟ್ಟರು. ಮುಂದೆ ಸುಡುವ ಪದ್ಧತಿ ನೆಲೆಗೊಂಡಿತು. 1970ರ ದಶಕ ಮುಗಿಯುವ ಹೊತ್ತಿಗೆ ಯಂತ್ರ ಬಂದು ಕೈಯಿಂದ ಕಡಿಯುವವರೇ ಇಲ್ಲವಾದರು.

ಅದೇ ಆಸ್ಟ್ರೇಲಿಯದಲ್ಲಿ, 1907ರಲ್ಲಿ, ನೇಗಿಲು ಮತ್ತು ಕೊಯ್ಲಿನ ಯಂತ್ರಗಳ ಕಾರ್ಖಾನೆಯೊಂದರ ಮೊಕದ್ದಮೆ ಹಿಗಿನ್ಸ್ ಎಂಬ ನ್ಯಾಯಾಧೀಶರ ಮುಂದೆ ಬಂದಿತು. ನ್ಯಾಯವಾದ ಕೂಲಿ ಯಾವುದು ಎಂಬುದೇ ಪ್ರಶ್ನೆ. ಅವರು ಧಣಿಯ ಲಾಭದ ಪುಸ್ತಕದಿಂದ ಆರಂಭಿಸಲಿಲ್ಲ. ಕೂಲಿಕಾರರ ಹೆಂಡಿರನ್ನು ಕರೆದು, ಮನೆಗೆ ಬಾಡಿಗೆಯೆಷ್ಟು, ಮಾಂಸಕ್ಕೆಷ್ಟು, ಸೌದೆಗೆಷ್ಟು ಎಂದು ಕೇಳಿದರು. ಕಸಬಿಲ್ಲದ ಕೂಲಿಕಾರನೂ ಹೆಂಡತಿ ಮತ್ತು ಮೂವರು ಮಕ್ಕಳೊಡನೆ ಮಿತವಾದ ನೆಮ್ಮದಿಯಲ್ಲಿ ಬಾಳಲು ದಿನಕ್ಕೆ 7 ಷಿಲಿಂಗು ಬೇಕೆಂದು ತೀರ್ಪು ಕೊಟ್ಟರು. ಅದರಲ್ಲಿಯೂ ಕೊರತೆಯುಂಟು. ಸಂಸಾರದ ಭಾರವೆಲ್ಲ ಗಂಡಸಿನದೆಂದು ಎಣಿಸಿ, ಮುಂದೆ 1919ರಲ್ಲಿ ಹೆಂಗಸಿಗೆ ಗಂಡಸಿನ ಕೂಲಿಯ ನೂರಕ್ಕೆ 54 ಪಾಲು ಸಾಕೆಂದರು. ಆದರೂ ಸರಕಿನಿಂದ ಮನೆಯ ಕಡೆಗೆ ಎಣಿಸುವುದನ್ನು ಬಿಟ್ಟು ಮನೆಯಿಂದ ಸರಕಿನ ಕಡೆಗೆ ಎಣಿಸಿದ ಆ ಕ್ರಮವನ್ನು ನಾವು ಮೆಚ್ಚುತ್ತೇವೆ.

ನಮ್ಮವರೂ ಹಾಗೆಯೇ ಎಣಿಸಿದರು. 1957ರಲ್ಲಿ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಕನಿಷ್ಠ ಕೂಲಿಯ ಅಳತೆಯನ್ನು ಗೊತ್ತುಮಾಡಿತು: ಒಬ್ಬ ದುಡಿಯುವವನ ಹಿಂದೆ ಮೂರು ಪಾಲು ಆಹಾರ, ವಯಸ್ಕನಿಗೆ ದಿನಕ್ಕೆ 2700 ಕ್ಯಾಲೊರಿ, ನಾಲ್ವರ ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಸೌದೆ ದೀಪ ಮುಂತಾದುವಕ್ಕೆ ನೂರಕ್ಕೆ 20. ಹೆಂಡತಿ ಮಕ್ಕಳ ಸಂಪಾದನೆಯನ್ನು ಲೆಕ್ಕಕ್ಕೆ ಹಿಡಿಯಕೂಡದೆಂದು ಸ್ಪಷ್ಟವಾಗಿ ಹೇಳಿತು. ಒಬ್ಬನ ಕೂಲಿಯಿಂದಲೇ ಮನೆ ನಡೆಯಬೇಕು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಕ್ಕಳ ಓದು, ವೈದ್ಯ, ಹಬ್ಬಹರಿದಿನ, ಮುಪ್ಪಿಗೆಂದು ಇನ್ನೂ 25 ಪಾಲನ್ನು ಸೇರಿಸಿತು.

ಈ ಅಳತೆಯನ್ನು ಕೈಯಲ್ಲಿ ಹಿಡಿದು ಕೃಷ್ಣಾತೀರದ ಕಬ್ಬಿನ ಹೊಲಕ್ಕೆ ಬನ್ನಿ. ಮಳೆಗಾಲ ಕಳೆಯುತ್ತಲೇ ಮಹಾರಾಷ್ಟ್ರದ ಬೀಡ ಜಿಲ್ಲೆಯಂಥ ಬರದ ಸೀಮೆಗಳಿಂದ ಕಡಿಯುವವರ ತಂಡಗಳು ಕೃಷ್ಣೆಯ ಕಣಿವೆಗೆ ಇಳಿಯುತ್ತವೆ. ಮುಕಾದಮನಿಂದ ಮುಂಗಡ ಹಣವನ್ನು ಆಗಲೇ ಪಡೆದಾಗಿರುತ್ತದೆ. ಕೂಲಿಯು ಟನ್ನಿನ ಲೆಕ್ಕದಲ್ಲಿ ಅದಕ್ಕೆ ವಜಾ. ತಂಡದ ಎಣಿಕೆ ಜನರಿಂದಲ್ಲ, ಕೊಯ್ತಾದಿಂದ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಗಂಡನು ಕಡಿಯುತ್ತಾನೆ, ಹೆಂಡತಿಯು ಗರಿ ಸವರಿ, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಗಾಡಿಗೆ ಏರಿಸುತ್ತಾಳೆ, ಇಬ್ಬರೂ ಸೇರಿ ಒಂದು ಕೊಯ್ತಾ. ಒಬ್ಬರು ಒಂದು ದಿನ ಮಲಗಿದರೆ ಕೊಯ್ತಾವೇ ಮಲಗಿದಂತೆ; ಆದುದರಿಂದ ಬಸುರಿಯೂ ಹೊಲಕ್ಕೆ ಬರುತ್ತಾಳೆ. ಒಬ್ಬನ ಕೂಲಿಯಿಂದ ನಾಲ್ವರು ಬಾಳಬೇಕೆಂದು ಬರೆದ ದೇಶದಲ್ಲಿಯೇ ಇಬ್ಬರನ್ನು ಒಬ್ಬನೆಂದು ಎಣಿಸುವ ಲೆಕ್ಕವೂ ನಡೆಯುತ್ತದೆ. ಮಕ್ಕಳು ಗುಡಿಸಲಿನ ಬಳಿ ಕರುವಿನ ಸಂಗಡ ಇರುತ್ತವೆ. ಕೆಲವು ಕಡೆ ಅವಕ್ಕಾಗಿ ಡೇರೆ ಶಾಲೆಗಳನ್ನು ನಡೆಸಿದ್ದುಂಟು, ಕಾರ್ಖಾನೆ ನಿಂತಾಗ ಶಾಲೆಯೂ ನಿಲ್ಲುತ್ತದೆ.

ಗಾಡಿಯು ಕಾರ್ಖಾನೆಯ ತೂಕದ ಕಟ್ಟೆಯನ್ನು ಹತ್ತಿ ಇಳಿದ ಮೇಲೆ ಒಂದು ಚೀಟಿ ಬರುತ್ತದೆ. ಅದರಲ್ಲಿ ರೈತನ ಹೆಸರುಂಟು, ಗಾಡಿಯ ನಂಬರುಂಟು, ಕಬ್ಬಿನ ಭಾರವುಂಟು. ತಲೆಹೊರೆ ಹೊತ್ತವಳು ಆಗ ಹೊಲದಲ್ಲಿ ಮುಂದಿನ ಗಾಡಿಗಾಗಿ ಹೊರೆ ಕಟ್ಟುತ್ತಿರುತ್ತಾಳೆ.